ಎಣ್ಣೆ ಕಾಣದ ಕೂದಲು

ನಮ್ಮ ಮನೆಯಲ್ಲಿ ಬಂಗಾರಕ್ಕೆ ಕೀಲಿ ಇರಲಿಲ್ಲ. ಬಂಗಾರ ಇದ್ದರಲ್ಲವೇ ಕೀಲಿ ಹಾಕೋದು! ಕೀಲಿ ಇದ್ದದ್ದು ಎಣ್ಣೆಗೆ. ಆಯಿಯ, ಅಂದರೆ ನಮ್ಮಪ್ಪನ ತಾಯಿಯ, ಕೋಣೆಯ ಗೋಡೆಯಲ್ಲೊಂದು ಗೂಡು, ಗೂಡಿಗೆ ಮರದ ಕದ, ಕದದ ಹಿಂದೆ ಕುಸುಬಿ ಎಣ್ಣೆಯ ಗಡಿಗೆ. ಕೊಹೀರಿನ ಸಂತೆಯ ಮರುದಿನ ಮುಂಜಾನೆ ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಎಣ್ಣೆ ಹಂಚುತ್ತಿದ್ದಳು. ಮೊದಲು ದೇವರ ದೀಪಕ್ಕೆ. ಆಮೇಲೆ ಅಪ್ಪನ ತಲೆಗೆ. ಹೈದರಾಬಾದಿನ ಕಾಲೇಜಿನಿಂದ ಬಂದಿದ್ದರೆ ನನ್ನ ಅಣ್ಣ ಬೀರಣ್ಣನ ತಲೆಗೆ. ಆಮೇಲೆ ಹಟ್ಟಿಯಲ್ಲಿ ಕಟ್ಟಿದ ಟಗರಿನ ಕೋಡಿಗೆ. ನಗಬೇಡಿ, ಖರೇ ಹೇಳುತ್ತೇನೆ. ಕುರಿ ಸಾಕಿದವರ ಮನೆಯಲ್ಲಿ ಟಗರಿಗಿಂತ ದೊಡ್ಡ ಅಳಿಯ ಯಾರು? ಟಗರಾದ ಮೇಲೆ ಅವ್ವನಿಗೆ, ಅವ್ವನ ಅಂಗೈಯಲ್ಲಿ ಉಳಿದದ್ದು ನನಗೆ. ನೀಲತ್ತಿಗೆ ಒಂದು ಹನಿ ಇಲ್ಲ. ಆಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಆಕೆ, ಅಪ್ಪನ ಒಡಹುಟ್ಟಿದ ತಂಗಿ. ಗಂಡ ಸತ್ತವಳಿಗೆ ಎಣ್ಣೆ ಯಾಕೆ ಅನ್ನುವುದು ನಮ್ಮ ಮನೆಯ ಕಾಯಿದೆ. ಟಗರಿನ ಕೋಡು ಮಿಂಚಬೇಕು, ಮಗಳ ತಲೆ ಒಣಗಬೇಕು. ಈ ವಯಸ್ಸಿನಲ್ಲೂ ಇದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ನೀಲತ್ತಿಯನ್ನು ತಾಂಡೂರಿಗೆ ಕೊಟ್ಟಿದ್ದರು. ಗಂಡ ಅಲ್ಲಿಯ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ನಯ ಮಾಡುವ ಕೆಲಸಗಾರ, ಜ್ವರ ಬಂದು ಸತ್ತ. ಅತ್ತೆಮನೆಯವರು ಆಕೆಯನ್ನು ರೈಲು ಹತ್ತಿಸಿ ಕೈ ತೊಳೆದುಕೊಂಡರು. ಆಕೆ ತಂದದ್ದು ಒಂದು ಸೀರೆಗಂಟು, ಮತ್ತೆ ಗಂಡ ತನ್ನ ಕೈಯಾರೆ ತಿಕ್ಕಿ ನಯ ಮಾಡಿದ್ದ ಒಂದು ಚೌಕ ಕಲ್ಲು. ಮಂದಿ ಟ್ರಂಕು ತರುತ್ತಾರೆ, ಈಕೆ ಬಂಡೆ ತಂದಿದ್ದಾಳೆ ಅಂತ ಇಡೀ ಓಣಿ ನಕ್ಕಿತು. ಆಕೆಗೆ ಕೊಟ್ಟ ಜಾಗ ಉಣ್ಣೆಯ ಕೋಣೆ. ಕಿಟಕಿ ಇಲ್ಲ, ಹಗಲಲ್ಲೂ ಕತ್ತಲು, ಕುರಿಯ ವಾಸನೆ. ಅಲ್ಲಿ ಕೂತು ಆಕೆ ಉಣ್ಣೆ ಹಿಂಜುತ್ತಿದ್ದಳು, ನೂಲುತ್ತಿದ್ದಳು, ಕಂಬಳಿ ಹೊದ್ದು ಮಲಗುತ್ತಿದ್ದಳು. ಕಂಬಳಿಗೆ ಮೈಲಿಗೆ ಇಲ್ಲ ಅನ್ನುತ್ತಾರೆ ನಮ್ಮಲ್ಲಿ. ಅದಕ್ಕೇ ಯಾರನ್ನು ಮುಟ್ಟಬಾರದೋ ಅವರನ್ನೆಲ್ಲ ಕಂಬಳಿಯ ಮೇಲೆ ಕೂರಿಸುತ್ತಾರೆ! ಆದರೂ ಆಕೆಯ ನಗು ಸತ್ತಿರಲಿಲ್ಲ. ಹಲ್ಲು ಅಂದರೆ ಆಕೆಯ ಹಲ್ಲು. ಕಬ್ಬಿನ ಗಣ್ಣನ್ನು ನಾವು ಕಲ್ಲಿಗೆ ಬಡಿದು ಒಡೆದರೆ, ಆಕೆ ಬಾಯಿಗಿಟ್ಟು ಕಟ್ಟಂತ ಮುರಿಯುತ್ತಿದ್ದಳು. ಹುರಿದ ಕಡಲೆ ಜಗಿಯುವ ಸದ್ದು ಅಡಿಗೆಮನೆಯತನಕ ಕೇಳುತ್ತಿತ್ತು.

ಆ ವರ್ಷ ಚಳಿ ಬಹಳ. ತುಟಿ, ಹಿಮ್ಮಡಿ ಎಲ್ಲ ಒಡೆದವು. ಕುರಿಗಳಿಗೆ ಬ್ಯಾನಿ ಬಂದು ಎಳೆಮರಿಗಳು ಸಾಯತೊಡಗಿದವು. ಅಂಥದ್ದರಲ್ಲಿ ಒಂದು ಮುಂಜಾನೆ ಅವ್ವ ಉಣ್ಣೆ ತರಲು ಕತ್ತಲ ಕೋಣೆಯ ಬಾಗಿಲು ತೆಗೆದಾಗ ನೀಲತ್ತಿ ತಲೆಯ ಮೇಲಿನ ಕಂಬಳಿ ಸರ್ರನೆ ಎಳೆದು ಎದ್ದಳಂತೆ. ಚಟಚಟ ಸದ್ದಾಗಿ ನೀಲಿ ಕಿಡಿ ಹಾರಿದವು, ಕೂದಲು ನೆಟ್ಟಗೆ ನಿಂತವು. ಅವ್ವ ಹೆದರಿ ಬುಟ್ಟಿ ಕೈಬಿಟ್ಟಳು. ಆಯಿ ಓಡಿ ಬಂದಳು. ಇನ್ನೊಮ್ಮೆ ಎಳೆಸಿ ನೋಡಿದಳು, ಇನ್ನೊಮ್ಮೆ ಕಿಡಿ. ಆಗ ಆಯಿಯ ಬಾಯಿಂದ ಆ ಮಾತು ಬಂತು. ನಮ್ಮ ಸೀಮೆಯಲ್ಲಿ ಆ ಮಾತು ಒಬ್ಬ ಹೆಂಗಸಿನ ಮೇಲೆ ಬಿತ್ತೆಂದರೆ ಆಕೆಯ ಬದುಕು ಮುಗಿದಂತೆ.

"ಭಾನಾಮತಿ! ಗಂಡನ್ನ ತಿಂದು ಬಂದಾಳ, ಈಗ ಕುರಿ ತಿನ್ನಾಕತ್ತಾಳ!"

"ಅವ್ವಾ, ನಾ ನಿನ್ನ ಮಗಳಿದ್ದೀನಿ," ಎಂದಳು ನೀಲತ್ತಿ.

"ಮಗಳಾಗಿದ್ದಿ. ಈಗ ಏನಿದ್ದಿಯೋ ಯಾರಿಗೆ ಗೊತ್ತು!"

ಭಾನಾಮತಿ ಅಂದರೆ ಮಾಟ. ಮಾಡಿದವಳಿಗೆ ಮದ್ದು ಏನು ಗೊತ್ತೇ? ಹಲ್ಲು ಕೀಳುವುದು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ನಿಲ್ಲುವುದಿಲ್ಲ ಅಂತ ನಂಬಿಕೆ. ನಾರಾಯಣಖೇಡದ ಕಡೆ ಮನೂರಿನ ಹತ್ತಿರ ಒಬ್ಬ ಇದ್ದ, ಇಕ್ಕಳ ಹಿಡಿದು ಊರೂರು ತಿರುಗುವವ. ಅಪ್ಪ ಅವನಿಗೆ ಹೇಳಿಕಳಿಸಿದ. ಎಳ್ಳ ಅಮಾಸಿಯ ದಿನ ಬರುತ್ತೇನೆ, ಅಮಾಸಿಗೆ ಆಕೆಯ ಬಲ ಇಳಿದಿರುತ್ತದೆ ಎಂದು ಅವನಿಂದ ಮಾತು ಬಂತು. ಹಬ್ಬಕ್ಕೆ ಅಂಬಲಿ ಹುಳಿ ಹಾಕುವ ಗಡಿಗೆಯನ್ನು ತೊಳೆಯುತ್ತ ಅವ್ವ ಇದನ್ನು ನನಗೆ ಹೇಳಿದಳು. ಒಂದೇ ಒಲೆಯ ಮೇಲೆ ಹಬ್ಬದ ಕಾಳು ಸೊಪ್ಪಿನ ಭಜ್ಜಿಯೂ ಕುದಿಯಬೇಕು, ಅತ್ತೆಯ ರಕ್ತ ತೊಳೆಯಲು ನೀರೂ ಕಾಯಬೇಕು. ಎಂಥ ಹಬ್ಬ ಇದು? ನಾನು ಅಳುತ್ತಿದ್ದೆನೋ ಚೀರಿದೆನೋ ನೆನಪಿಲ್ಲ. ಅವ್ವ ನನ್ನ ಬಾಯಿ ಮುಚ್ಚಿದ್ದು ನೆನಪಿದೆ.

ಆ ವಾರವೇ ಬೀರಣ್ಣ ರಜೆಗೆ ಬಂದ. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡವ ಅವನೊಬ್ಬನೇ. ಕುರಿ ಮಾರಿ ಓದಿಸುತ್ತಿದ್ದರು. ಆಗ ನಿಜಾಮರ ರಾಜ್ಯದಲ್ಲಿ ಸೈನ್ಸು ಕೂಡ ಉರ್ದುವಿನಲ್ಲೇ. ಬೆಳಗಾದರೆ ಪಡಸಾಲೆಯ ಕಂಬಕ್ಕೆ ಒರಗಿ, ಮೈ ತೂಗುತ್ತ, ಊರಿಗೆಲ್ಲ ಕೇಳುವಂತೆ ಪಾಠ ಬಾಯಿಪಾಠ ಮಾಡುತ್ತಿದ್ದ. ನನ್ನನ್ನು ಶಾಲೆಗೆ ಕಳಿಸಿರಲಿಲ್ಲ. ಹುಡುಗಿ ಓದಿ ಏನು ಕುರಿಗೆ ಕಾಗದ ಬರೆಯುತ್ತಾಳೆಯೇ ಎಂದಿದ್ದಳು ಆಯಿ. ಆದರೆ ಕಿವಿಗೆ ಯಾರು ಕೀಲಿ ಹಾಕುತ್ತಾರೆ? ಓಣಿಯ ಉರ್ದು ನನಗೆ ಬರುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವನ ಪಾಠವೆಲ್ಲ ನನ್ನೊಳಗೆ ಇಳಿಯುತ್ತಿತ್ತು. ಆ ಸಲ ಅವನ ಬಾಯಲ್ಲಿ ಕುಣಿಯುತ್ತಿದ್ದ ಮಾತು "ಯಕ್ಸಾಂ ಬರ್ಕಿ ಮೈದಾನ್". ಬರ್ಕಿ ಮೈದಾನ್ ಅಂದರೆ ವಿದ್ಯುತ್ ಕ್ಷೇತ್ರ, ಯಕ್ಸಾಂ ಅಂದರೆ ಎಲ್ಲೆಲ್ಲೂ ಒಂದೇ ಸಮ. ಉಣ್ಣೆಯಿಂದ ತಿಕ್ಕಿದರೆ ಅರಗಿನಲ್ಲಿ ಬರ್ಕ್, ಅಂದರೆ ವಿದ್ಯುತ್, ಹುಟ್ಟುತ್ತದೆ ಅನ್ನುವುದೂ ಅದರ ಹಿಂದಿನ ಪಾಠದಲ್ಲಿತ್ತು. ಹಿಂದಿನ ವರ್ಷದ ಚಳಿಯಲ್ಲಿ ಅವನೇ ತಾಟಿನಲ್ಲಿ ಅರಗು ಕರಗಿಸಿ ಹೊಯ್ದು, ಗಾಜಿನ ಬಾಟಲಿಯ ಹಿಡಿ ಅಂಟಿಸಿದ ತಗಡನ್ನು ಅದರ ಮೇಲಿಟ್ಟು, ಬೆರಳು ಮುಟ್ಟಿಸಿ, ಎತ್ತಿ, ಗೆಳೆಯರಿಗೆ ಕಿಡಿ ಹಾರಿಸಿ ತೋರಿಸಿದ್ದ. ಗಂಡಸು ಕಿಡಿ ಹಾರಿಸಿದರೆ ಜಾದೂ, ಓಣಿಯೆಲ್ಲ ಶಾಬಾಶ್. ಹೆಂಗಸಿನ ತಲೆಯಿಂದ ಅದೇ ಕಿಡಿ ಹಾರಿದರೆ ಇಕ್ಕಳ!

ನಾನು ಅವನ ಎದುರು ಹೋಗಿ ನಿಂತೆ.

"ಅಣ್ಣಾ, ಅತ್ತಿ ಕಂಬಳ್ಯಾಗ ಬರೂದು ನಿನ್ನ ಅರಗಿನ ಕಿಡಿನೇ ಹೌದಲ್ಲೋ?"

"ಹೌದು."

"ಮತ್ತ ಅಪ್ಪಗ ಹೇಳು!"

"ಹುಚ್ಚಿ, ಹಿರೇರ ಮುಂದ ಹೆಂಗ ಮಾತಾಡಾಕ ಬರ್ತದ? ನನಗ ಇಮ್ತಿಹಾನ್ ಅದ, ಓದಬೇಕು, ತಲಿ ತಿನಬ್ಯಾಡ."

ಹೌದು ಅಂದ! ಗೊತ್ತಿಲ್ಲ ಅಂದಿದ್ದರೆ ಕ್ಷಮಿಸುತ್ತಿದ್ದೆ. ಆಯಿಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಅಂಕ ತರುವಷ್ಟು ಗೊತ್ತಿತ್ತು, ಬಾಯಿ ತೆರೆಯುವಷ್ಟು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀಲತ್ತಿ.

ಹೇಳುವುದಿಲ್ಲವಾದರೆ ಬೇಡ, ತೋರಿಸಿದರಾಯಿತು ಎಂದುಕೊಂಡೆ. ಪಾಠ ಒಪ್ಪಿಸು ಎಂದು ಅವನನ್ನು ಹಿಗ್ಗಿಸಿ ಹಿಗ್ಗಿಸಿ ಎಲ್ಲ ಕೇಳಿದೆ. ಎರಡು ತಗಡು ಬೇಕು, ಒಂದೇ ಅಳತೆ, ಸಪಾಟು. ಒಂದರ ಮೇಲೊಂದು, ನಡುವೆ ಎಲ್ಲ ಕಡೆ ಅಷ್ಟೇ ಸಂದು. ಮೇಲಿನದಕ್ಕೆ ಬರ್ಕ್ ತುಂಬಬೇಕು, ಕೆಳಗಿನದು ನೆಲಕ್ಕೆ ತಾಗಿರಬೇಕು. ಆಗ ಆ ಸಂದಿನ ನಡುಭಾಗದಲ್ಲಿ ಎಲ್ಲಿ ಏನಿಟ್ಟರೂ ಎಳೆತ ಒಂದೇ ಸಮ, ಒಂದೇ ದಿಕ್ಕು. ಅಂಚಿನಲ್ಲಿ ಮಾತ್ರ ಅದು ಹೊರಗೆ ಬಾಗುತ್ತದೆ. ಹೊಲದ ನಡುವೆ ಕೂರಿಗೆಯ ಸಾಲು ನೆಟ್ಟಗಿದ್ದು, ಎತ್ತು ತಿರುಗುವ ಬದುವಿನ ಹತ್ತಿರ ಡೊಂಕಾಗುತ್ತದಲ್ಲ, ಹಾಗೆ. ಅದನ್ನು ಕೇಳಿದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು. ಅತ್ತೆಯ ಕೂದಲಲ್ಲಿ ಏನೋ ಇದೆ ಅನ್ನುತ್ತಾರಲ್ಲವೇ? ಸರಿ, ಆ ಸಂದಿನಲ್ಲಿ ಅತ್ತೆಯ ಕೂದಲನ್ನೂ ಮನೆಯವರ ಕೂದಲನ್ನೂ ಸಾಲಾಗಿ ಇಡೋಣ. ಎಳೆಯುವ ಬಲ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಇರಬಾರದು. ಆಗ ಯಾರ ಕೂದಲು ಏಳುತ್ತದೆ, ಯಾರದು ಏಳುವುದಿಲ್ಲ, ಕಣ್ಣಾರೆ ನೋಡಲಿ. ಆ ಮನೆಯಲ್ಲಿ ಎಲ್ಲರಿಗೂ ಒಂದೇ ಸಮ ಹಂಚುವ ಜಾಗ ಅನ್ನುವುದು ಒಂದೂ ಇರಲಿಲ್ಲ. ಅದನ್ನು ನಾನೇ ಮಾಡಬೇಕಿತ್ತು.

ಮೊದಲು ಊಟದ ಗಂಗಾಳಗಳಲ್ಲೇ ಮಾಡಿ ನೋಡಿದೆ. ಕೆಟ್ಟಿತು. ಗಂಗಾಳಕ್ಕೆ ಎತ್ತರದ ಅಂಚು ಇರುತ್ತದೆ, ಸಂದು ಎಲ್ಲಿಯೂ ಸಮ ಬರಲಿಲ್ಲ. ಒಂದು ಎಳೆ ಕುಪ್ಪಳಿಸಿತು, ಒಂದು ವಾಲಿತು, ಒಂದು ಸುಮ್ಮನೆ ಮಲಗಿತು. ಅದರಲ್ಲಿ ವಾಲಿದ್ದು ಅತ್ತೆಯದೇ! ಹೀಗೆ ತೋರಿಸಿದ್ದರೆ ಆಯಿ ಅಂದೇ ಇಕ್ಕಳ ತರಿಸುತ್ತಿದ್ದಳು. ನಾನು ಅಳುತ್ತ ಉಣ್ಣೆಯ ಕೋಣೆಗೆ ಹೋಗಿ ಎಲ್ಲವನ್ನೂ ಅತ್ತೆಗೆ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು.

"ಸಪಾಟು ಬೇಕಲ್ಲ? ಸಪಾಟು ಮಾಡೂದು ನಾ ನೋಡೀನಿ ಬಾ."

ಘಾಸ್ಲೇಟ್ ಎಣ್ಣೆಯ ಖಾಲಿ ತಗಡಿನ ಡಬ್ಬಿಯನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸಿದೆವು. ಕತ್ತರಿ ಹಾಳಾಯಿತು, ಆಗಲಿ. ಎರಡು ಗುಂಡನೆಯ ತಗಡು. ಇಡೀ ಓಣಿ ನಕ್ಕಿದ್ದ ಆ ತಾಂಡೂರ ಕಲ್ಲಿನ ಮೇಲೆ ಇಟ್ಟು, ಒನಕೆಯ ತಲೆಯಿಂದ ಮೆಲ್ಲಗೆ ಬಡಿದು ಬಡಿದು, ಎಲ್ಲಿಯೂ ಉಬ್ಬು ತಗ್ಗು ಇಲ್ಲದಂತೆ ಮಾಡಿದಳು ಅತ್ತೆ. ಗಂಡ ಮಾಡುತ್ತಿದ್ದಂತೆ ಕಣ್ಣನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ನೋಡುತ್ತಿದ್ದಳು. ತಗಡುಗಳ ನಡುವೆ ಇಡಲು ನನ್ನ ಗಾಜಿನ ಬಳೆಗಳನ್ನು ಬಿಚ್ಚಿಕೊಟ್ಟೆ. ಮೂರು ಕಡೆ ಸಮನಾಗಿ ಒಟ್ಟಿದರೆ ಸಂದು ಎಲ್ಲ ಕಡೆ ಒಂದೇ ಆಯಿತು. ಗಾಜು ಬರ್ಕನ್ನು ಕೆಳಗೆ ಬಿಡುವುದಿಲ್ಲ, ಆದರೆ ಒಣಗಿರಬೇಕು. ಹಾಗಾಗಿ ಬಳೆಗಳನ್ನು ಒಲೆಯ ದಂಡೆಯಲ್ಲಿ ಕಾಯಿಸಿದೆವು. ಅತ್ತೆ ಒಂದು ಬಳೆಯನ್ನು ಕೈಗೆ ತೊಟ್ಟು ನೋಡಲು ಹೋಗಿ, ಮುಂಗೈ ದಾಟದೆ, ನಕ್ಕು ಇಳಿಸಿದಳು. ಆ ನಗು ನೋಡಿ ನನಗೆ ಮತ್ತಷ್ಟು ಸಿಟ್ಟು ಬಂತು.

ಎಳ್ಳ ಅಮಾಸಿ ಬಂತು. ಊರೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಯಿತು, ನಮ್ಮ ಮನೆಯವರು ಮಾತ್ರ ಹೋಗಲಿಲ್ಲ. ಮನೂರಿನ ಕಡೆಯವ ನಡುಹಗಲಿಗೆ ಬಂದ. ಬಂದವನೇ ಭಜ್ಜಿ ರೊಟ್ಟಿ ಹಾಕಿಸಿಕೊಂಡು ಉಂಡ, ಮೇಲೆ ಅಂಬಲಿ ಕುಡಿದ. ಮೀಸೆ ಒರೆಸಿಕೊಂಡು ಚೀಲದಿಂದ ಇಕ್ಕಳ ತೆಗೆದು ಪಡಸಾಲೆಯ ಮೇಲೆ ಇಟ್ಟ. ನೀಲತ್ತಿಯನ್ನು ಅಂಗಳದ ಆ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ಆಕೆ ತುಟಿ ಬಿಗಿದು ಕೂತಿದ್ದಳು. ನಾನು ಕಲ್ಲು ತಂದು ಪಡಸಾಲೆಯಲ್ಲಿ ಇಟ್ಟೆ. ಕಲ್ಲಿನ ಮೇಲೆ ತಗಡು, ಬಳೆ, ಪಕ್ಕದಲ್ಲಿ ಅಣ್ಣನ ಹಳೆಯ ಅರಗಿನ ತಾಟು, ಬಾಟಲಿ ಹಿಡಿಯ ತಗಡು.

"ಅಪ್ಪಾ, ಹಲ್ಲು ಕೀಳೂಕಿಂತ ಮೊದಲ ಇದೊಂದು ನೋಡು. ಆಮ್ಯಾಲ ನಿನಗ ತಿಳಿದಂಗ ಮಾಡು."

"ಏನ್ ತಮಾಶಾ ಇದು? ಎದ್ದು ಒಳಗ ನಡಿ!"

"ಅಣ್ಣನ ಕಾಲೇಜಿನ ಪಾಠ ಇದು. ಕುರಿ ಮಾರಿ ಕಲಿಸೀದಿ. ಏನ್ ಕಲಿಸೀದಿ ನೋಡಬ್ಯಾಡೇನು?"

ಆ ಮಾತಿಗೆ ಅಪ್ಪ ಕೂತ. ಕೂದಲು ಕೇಳಿದೆ. ಕೂದಲು ಕೊಡುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಬಾಚಿದಾಗ ಉದುರಿದ ಎಳೆಯನ್ನೂ, ಯಾರಾದರೂ ಮಾಟಕ್ಕೆ ಒಯ್ದಾರೆಂದು, ಸುತ್ತಿ ಗೋಡೆಯ ಸಂದಿನಲ್ಲಿ ತುರುಕುವ ಮಂದಿ ನಾವು. ಯಾರೂ ಕೈ ಎತ್ತಲಿಲ್ಲ. ಬೀರಣ್ಣ ಕಂಬದ ಹಿಂದೆ ಪುಸ್ತಕದಲ್ಲಿ ಮುಖ ಇಟ್ಟಿದ್ದ. ಆಗ ಅವ್ವ, ಮಾವನ ಕಾಲದಿಂದ ಆ ಪಡಸಾಲೆಯಲ್ಲಿ ಒಂದು ಮಾತು ಆಡದ ನನ್ನ ಅವ್ವ, ಸೆರಗು ಸರಿಸಿ ತನ್ನ ಜಡೆಯಿಂದ ಒಂದು ಎಳೆ ಕಿತ್ತು ನನ್ನ ಕೈಗಿಟ್ಟಳು. ಸೊಸೆ ಕೊಟ್ಟ ಮೇಲೆ ಅತ್ತೆ ಹಿಂದೆ ಬಿದ್ದಾಳೆಯೇ? ಆಯಿ ಎರಡು ಎಳೆ ಕಿತ್ತು ಎಸೆದಳು.

"ತಗೋ. ನನ್ನ ಕೂದಲು ಹೆಂಗ ನಿಂತಾವು ನಾನೂ ನೋಡ್ತೀನಿ!"

ಅವ್ವನ ಎಳೆಯನ್ನೂ ಆಯಿಯ ಒಂದು ಎಳೆಯನ್ನೂ ಒಲೆಯ ಬಿಸಿ ಬೂದಿಯಲ್ಲಿ ಎಲ್ಲರೆದುರು ತಿಕ್ಕಿ ಎಣ್ಣೆ ತೆಗೆದೆ. ಆಯಿಯ ಇನ್ನೊಂದು ಎಳೆಯನ್ನು ಎಣ್ಣೆಯ ಸಮೇತ ಹಾಗೇ ಬಿಟ್ಟೆ. ಅತ್ತೆಯದು ಒಂದು, ಟಗರಿನ ಉಣ್ಣೆಯದು ಒಂದು, ಅವನ್ನೂ ಅದೇ ಬೂದಿಯಲ್ಲಿ ಹೊರಳಿಸಿದೆ, ನಾಲ್ಕೂ ಒಂದೇ ಬಣ್ಣವಾದವು. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ತುದಿಗೆ ಚೂರು ಅಂಟು ಹಚ್ಚಿ, ಕೆಳತಗಡಿನ ನಟ್ಟನಡುವೆ ಸಾಲಾಗಿ ಮಲಗಿಸಿದೆ. ಅಂಚಿನ ಹತ್ತಿರ ಒಂದನ್ನೂ ಇಡಲಿಲ್ಲ. ಮೇಲಿನ ತಗಡು ಹೊದಿಸಿದೆ. ಅರಗನ್ನು ಕಂಬಳಿಯಿಂದ ತಿಕ್ಕಿದೆ. ಬಾಟಲಿ ಹಿಡಿದು ಆ ತಗಡನ್ನು ಅರಗಿನ ಮೇಲಿಟ್ಟು, ಬೆರಳು ಮುಟ್ಟಿಸಿ, ಎತ್ತಿ, ಮೇಲಿನ ತಗಡಿಗೆ ತಾಗಿಸಿದೆ. ಚಟ್ ಎಂದಿತು. ಮತ್ತೆ ಅರಗಿನ ಮೇಲಿಟ್ಟು ಎತ್ತಿದೆ, ಮತ್ತೆ ತಾಗಿಸಿದೆ.

ಎದ್ದವು. ಅವ್ವನದು, ಆಯಿಯದು, ಅತ್ತೆಯದು, ಟಗರಿನದು. ನಾಲ್ಕೂ ಒಂದೇ ಸಮ, ಒಂದೇ ನೇರ, ಹೊಲದಲ್ಲಿ ನಿಂತ ಜೋಳದ ದಂಟಿನ ಹಾಗೆ. ಎಣ್ಣೆ ಹಚ್ಚಿದ ಆಯಿಯ ಇನ್ನೊಂದು ಎಳೆ ಮಾತ್ರ ತಗಡಿಗೆ ಅಂಟಿಕೊಂಡು ಮಲಗಿತ್ತು. ಅಪ್ಪ ಬಗ್ಗಿ, ನೆಲಕ್ಕೆ ಗದ್ದ ಹಚ್ಚಿ ನೋಡಿದ. ಆಯಿಯೂ ನೋಡಿದಳು.

"ಯಾವುದು ಅತ್ತಿದು ತೋರಿಸು ಆಯಿ," ಎಂದೆ.

ಆಯಿಗೆ ತೋರಿಸಲಾಗಲಿಲ್ಲ. ಮನೂರಿನ ಕಡೆಯವ ಬಿಟ್ಟಾನೆಯೇ? ಅವನ ಅನ್ನದ ಪ್ರಶ್ನೆ.

"ಈ ಪೋರಿಗೂ ಅದು ಹತ್ತ್ಯಾದರೀ. ಅತ್ತಿ ಕಲಿಸ್ಯಾಳ. ಇಬ್ಬರದೂ ಕೀಳಬೇಕಾಗ್ತದ."

ಆಗ ಅವ್ವ ಮಾತಾಡಿದಳು. ದನಿ ಏರಿಸಲಿಲ್ಲ.

"ನಂದೂ ನಿಂತದ. ನಮ್ಮತ್ತೀದೂ ನಿಂತದ. ಟಗರಿಂದೂ ನಿಂತದ. ಕೀಳೂದಾದ್ರ ಎಲ್ಲಾರ ಹಲ್ಲೂ ಕೀಳ್ರಿ. ಹಿರೇರಿಂದ ಸುರು ಮಾಡ್ರಿ."

ಆಯಿ ಸಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಬೀರಣ್ಣನ ಕಡೆ ತಿರುಗಿದ. ನೀ ಓದಿದವ, ನೀ ಹೇಳು ಇದು ಖರೇ ಏನು ಎಂದ. ಇಡೀ ಮನೆ ಅವನ ಮುಖ ನೋಡಿತು. ಅತ್ತೆ ಬೇವಿನ ಗಿಡದ ಕೆಳಗಿಂದ ನೋಡಿದಳು. ಅವನು ಹೇಳಿದ್ದು ಇಷ್ಟು.

"ಕಿತಾಬಿನ್ಯಾಗ ಹಂಗ ಅದ ಅಪ್ಪಾ. ಆದ್ರ ಮನಿ ಮಾತು ಬ್ಯಾರೆ. ಹಿರೇರು ಹೆಂಗಂತೀರಿ ಹಂಗ."

ಥೂ! ಅಪ್ಪನಿಗೇ ಅಸಹ್ಯವಾಯಿತು. ಎದ್ದು ಇಕ್ಕಳವನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿ, ನಡೀರಿ ಸಾಕು ಎಂದ. ಮನೂರಿನ ಕಡೆಯವ ಬೈಯುತ್ತ ಎದ್ದು ಹೋದ.

ಹಲ್ಲು ಉಳಿದವು. ಆದರೆ ತಪ್ಪಾಯಿತು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಮರುದಿನ ಆಯಿ ಗೂಡಿನ ಕೀಲಿ ತೆಗೆದು, ಒಂದು ಬಟ್ಟಲು ಎಣ್ಣೆ ತಂದು ಉಣ್ಣೆಯ ಕೋಣೆಯ ಹೊಸ್ತಿಲ ಮೇಲೆ ಇಟ್ಟಳು. ಮಗಳ ಮುಖ ನೋಡದೆ ಹೇಳಿದಳು.

"ಹಚ್ಕೋ. ಹಚ್ಕೊಂಡ್ರ ಅದು ಇಳೀತದಂತ."

ನೋಡಿದಿರಾ! ಇಷ್ಟೆಲ್ಲ ಆದ ಮೇಲೂ ಎಣ್ಣೆ ಕೊಟ್ಟದ್ದು ಮಗಳೆಂದಲ್ಲ, ಭಾನಾಮತಿಗೆ ಮದ್ದೆಂದು. ತಾವೇ ಎಣ್ಣೆ ತಪ್ಪಿಸಿ ಒಣಗಿಸಿದ ತಲೆ, ಆ ತಲೆ ಚಟಚಟ ಅಂದದ್ದಕ್ಕೆ ತಾವೇ ಹಾಕಿದ ಅಪವಾದ, ಈಗ ತಾವೇ ಮಾಡುವ ವೈದ್ಯ! ಅತ್ತೆ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ, ಹಟ್ಟಿಗೆ ಹೋಗಿ, ಟಗರಿನ ಕೋಡಿಗೆ ಪೂರ್ತಿ ಸುರಿದು ಬಂದಳು. ಆಮೇಲೆ ಬದುಕಿರುವತನಕ ಆ ಮನೆಯ ಎಣ್ಣೆಯನ್ನು ಮುಟ್ಟಲಿಲ್ಲ.

ಬೀರಣ್ಣ ಮುಂದೆ ಕಾಲೇಜಿನಲ್ಲಿ ಅದೇ ಪಾಠವನ್ನು ಹೇಳಿ ಹೇಳಿ, ಶಾಲು ಹೊದಿಸಿಕೊಂಡು ರಿಟೈರಾದ. ಆ ಸಮಾರಂಭದಲ್ಲಿ ಯಾರೋ ಅವನನ್ನು ಸತ್ಯದ ಉಪಾಸಕ ಎಂದರು. ನಾನು ಎದ್ದು ಹೊರಗೆ ಬಂದೆ. ನನಗೆ ಆ ಅಮಾಸಿಯಾದ ಮೇಲೆ ಓದುವ ಹಟ ಹಿಡಿಯಿತು. ಅಪ್ಪ ಬೇಡ ಅನ್ನಲಿಲ್ಲ, ಅವ್ವ ಅನ್ನಗೊಡಲಿಲ್ಲ. ತಡವಾಗಿ ಕಲಿತು ಹುಡುಗಿಯರಿಗೆ ಸೈನ್ಸ್ ಹೇಳುವ ಮಾಸ್ತರಿಣಿಯಾದೆ. ತರಗತಿಯಲ್ಲಿ ಎರಡು ತಗಡು ಇಟ್ಟು, ಒಬ್ಬೊಬ್ಬ ಹುಡುಗಿಯ ಕೂದಲು ಕೇಳಿ ಪಡೆದು, ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದೆ. ಯಾವುದು ಯಾರದೆಂದು ಗುರುತಿಸಿ ಎನ್ನುತ್ತಿದ್ದೆ.

ಆದರೆ ನನ್ನ ಪಾಠಕ್ಕಿಂತ ಅತ್ತೆಯ ಪಾಠ ದೊಡ್ಡದು. ಪ್ರತಿ ಚಳಿಗಾಲ, ಸಂತೆಯ ಮರುದಿನ ಮುಂಜಾನೆ, ಆಯಿ ಪಡಸಾಲೆಯಲ್ಲಿ ಎಣ್ಣೆಯ ಗಡಿಗೆ ಬಿಚ್ಚಿ ಕೂತ ಹೊತ್ತಿಗೆ ಸರಿಯಾಗಿ, ನೀಲತ್ತಿ ಉಣ್ಣೆಯ ಕೋಣೆಯಿಂದ ಹೊರಗೆ ಬರುತ್ತಿದ್ದಳು. ತಾಯಿಯ ಎದುರಿಗೇ ಆ ತಾಂಡೂರ ಕಲ್ಲಿನ ಮೇಲೆ ಕೂತು, ಒಣ ಕೂದಲು ಬಿಚ್ಚಿ, ಕೋಡಿನ ಹಣಿಗೆಯಿಂದ ಮೇಲಿಂದ ಕೆಳಗೆ ಉದ್ದಕ್ಕೆ ಬಾಚುತ್ತಿದ್ದಳು. ಚಟ್. ಚಟ್. ಚಟ್. ಆಯಿಯ ಕೈಯ ಎಣ್ಣೆ ಬೆರಳ ಸಂದಿನಿಂದ ಸೋರುತ್ತಿತ್ತು. ಅತ್ತೆ ಎಲ್ಲ ಹಲ್ಲೂ ಕಾಣುವಂತೆ ನಕ್ಕು ಕೇಳುತ್ತಿದ್ದಳು.

"ಕೇಳಸ್ತದೇನವ್ವಾ?"